ನನ್ನ ಹೆಸರಲ್ಲಿ ಹೋದ ಕರೆ

ತಿಪಟೂರಿನಲ್ಲಿ ಇಪ್ಪತ್ತು ವರ್ಷ ನಾಟಕ ತಂಡ ನಡೆಸಿದೆ. ಯಾವ ನಾಟಕ ಆಡಬೇಕು, ಯಾರಿಗೆ ಯಾವ ಪಾತ್ರ ಅನ್ನುವುದೆಲ್ಲ ನನ್ನದೇ ತೀರ್ಮಾನ. ಆಮೇಲೆ ಸಿನಿಮಾದವರು ಹಳ್ಳಿಯ ಮುಖಗಳು ಬೇಕೆಂದು ಹುಡುಕಿಕೊಂಡು ಬಂದರು. ಪಾತ್ರಗಳಿಗೆ ಜನರನ್ನು ಆರಿಸಿಕೊಡುವುದು ನನ್ನ ಕೆಲಸವಾಯಿತು. ಕೊಬ್ಬರಿ ಮಂಡಿಯ ಹೆಂಗಸರನ್ನೂ ಮೇಷ್ಟ್ರುಗಳನ್ನೂ ಕ್ಯಾಮೆರಾ ಮುಂದೆ ನಿಲ್ಲಿಸಿದೆ. "ಮೇಡಂ ಕರೆದ್ರೆ ಕಣ್ಮುಚ್ಕೊಂಡು ಕಳಿಸ್ಬೋದು" ಎಂದು ಜನ ಹೇಳಿದಾಗ ಹೆಮ್ಮೆಪಟ್ಟಿದ್ದೇನೆ.

ಹೋದ ವರ್ಷ ಒಂದು ಮಧ್ಯಾಹ್ನ ಹೊನ್ನವಳ್ಳಿಯಿಂದ ಒಬ್ಬ ತಾಯಿ ಫೋನ್ ಮಾಡಿದರು. ಅವರ ಮಗಳು ನಮ್ಮ ತಂಡದ ಹುಡುಗಿ.

"ಆಡಿಷನ್ ಮುಗೀತಾ ಮೇಡಂ? ಮಗಳು ಫೋನ್ ಎತ್ತುತಿಲ್ಲ."

"ಯಾವ ಆಡಿಷನ್?"

"ನೀವೇ ಮೆಸೇಜ್ ಹಾಕಿದ್ರಲ್ಲ, ತುರುವೇಕೆರೆ ರಸ್ತೆ ತೋಟದ ಮನೆಗೆ ಒಬ್ಳೇ ಬಾ ಅಂತ."

ಮಗಳು ತಾಯಿಗೂ ಕಳಿಸಿದ್ದ ಆ ಮೆಸೇಜು ತರಿಸಿಕೊಂಡು ನೋಡಿದೆ. ಫೋಟೊ ನನ್ನದು, ನಂಬರು ನನ್ನದಲ್ಲ. ಪೊಲೀಸರಿಗೆ ಫೋನ್ ಮಾಡಿ, ಅವರಿಗಾಗಿ ಕಾಯದೆ ಸ್ಕೂಟರ್ ಹತ್ತಿ ಹೊರಟೆ.

ರಸ್ತೆಯ ಎರಡೂ ಕಡೆ ತೋಟ. ಪ್ರತಿ ಗೇಟಿನ ಮುಂದೆಯೂ ನಿಧಾನಿಸಿ ಒಳಗೆ ಇಣುಕಿದೆ. ತಪ್ಪು ನನ್ನದಲ್ಲ ಅಂದುಕೊಳ್ಳಲು ನೋಡಿದೆ, ಆಗಲಿಲ್ಲ. ನಿರ್ದೇಶಕರು ಹೇಳಿದ ಮೇಲೆ ಪ್ರಶ್ನೆ ಕೇಳಬಾರದು ಎಂದು ಅವಳಿಗೆ ಕಲಿಸಿದವಳು ನಾನೇ.

ಹುಡುಗಿ ರಸ್ತೆ ಬದಿಯ ಪೆಟ್ಟಿಗೆ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಳು. ಕಾಲಲ್ಲಿ ಒಂದೇ ಚಪ್ಪಲಿ.

"ಹೆದರ್ಕೊಂಡೈತೆ ಕಣವ್ವ, ನೀರು ಕುಡಿಸ್ದೆ," ಎಂದಳು ಅಂಗಡಿಯ ಮುದುಕಿ.

ಹುಡುಗಿ ನನ್ನ ಕೈ ಹಿಡಿದುಕೊಂಡು ಹೇಳಿದಳು: "ಗೇಟಲ್ಲಿ ಒಬ್ಬ ಫೋನ್ ಇಸ್ಕೊಂಡ. ಆಡಿಷನ್ ಅಂದ್ರೆ ಹತ್ತಾರು ಜನ ಇರ್ತಾರಲ್ಲ ಮೇಡಂ, ಬಾಗಿಲಲ್ಲಿ ಒಬ್ರ ಚಪ್ಪಲೀನೂ ಇರ್ಲಿಲ್ಲ. ಓಡ್ಬಂದೆ."

"ಒಳ್ಳೇದು ಮಾಡ್ದೆ ಕಣೇ."

"ಓಡೋಕೆ ಮುಂಚೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ವಾಪಸ್ ಹೋದ್ರೆ ನೀವು ಬೈತೀರ ಅಂತ."

ನಾನು ಅವಳ ತಾಯಿಗೆ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟೆ.

ಪೊಲೀಸರು ಬರುವಷ್ಟರಲ್ಲಿ ಮನೆ ಖಾಲಿಯಾಗಿತ್ತು. ನನ್ನ ಹೆಸರಲ್ಲಿ ಮೆಸೇಜು ಹಾಕಿದವನು ಇನ್ನೂ ಸಿಕ್ಕಿಲ್ಲ. ಈಗ ಶಾಲೆಯ ಹಾಲಿನಲ್ಲಿ, ಬಾಗಿಲೆಲ್ಲ ತೆಗೆದು, ಮನೆಯವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಜನರನ್ನು ಆರಿಸುತ್ತೇನೆ. ಆದರೂ ಪಟ್ಟಿಯಲ್ಲಿದ್ದ ಒಬ್ಬಳು ಹತ್ತು ನಿಮಿಷ ತಡವಾದರೆ ಕೂತಲ್ಲಿ ಕೂರಲಾಗುವುದಿಲ್ಲ. ಆ ಹುಡುಗಿ ಮತ್ತೆ ತಂಡದ ಕಡೆ ಬರಲಿಲ್ಲ. ಬಾ ಅನ್ನುವ ಧೈರ್ಯ ನನಗೂ ಬಂದಿಲ್ಲ.