ಎಸಳಿಗೆ ಇಳಿದ ನೇರಳೆ

ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ನೀಲಮ್ಮ ಮೂವತ್ತೊಂದು ವರ್ಷ ದುಡಿದರು. ಕೆಲಸದಲ್ಲಿ ತಪ್ಪಾದರೆ ಅಂದೇ ಬರೆದು ಸಹಿ ಹಾಕುವವರು. ನಿವೃತ್ತರಾದ ಮೇಲೆ ಪ್ರತಿ ಗುರುವಾರ ಕೊವೆಂಟ್ರಿಯ ರೈಲು ಹಿಡಿಯತೊಡಗಿದರು. ಅಲ್ಲಿ ಎಪ್ಪತ್ತೊಂಬತ್ತರ ಹಿಸಾಯೊ ಎಂಬ ಜಪಾನಿ ಹೆಂಗಸು ಮೊಮ್ಮಗಳಿಗೆಂದು ರೇಷ್ಮೆಯ ಕಿಮೊನೊ ಮಾಡುತ್ತಿದ್ದರು. ಧಾರವಾಡದ ಕಸೂತಿ ಬಲ್ಲ ನೀಲಮ್ಮ ಹೊಲಿಗೆಗೆ ನೆರವಾಗುವುದು, ಬದಲಿಗೆ ಬಣ್ಣಗಾರಿಕೆ ಕಲಿಯುವುದು ಎಂದು ಒಪ್ಪಂದವಾಗಿತ್ತು.

ಅಕ್ಕಿಹಿಟ್ಟಿನ ಅಂಟನ್ನು ಮೆಹಂದಿಯ ಹಾಗೆ ಕೋನಿನಿಂದ ಹಿಂಡಿ, ಹೂವಿನ ಅಂಚಿಗೆ ಕೂದಲೆಳೆಯಂಥ ಗೆರೆ ಎಳೆಯಬೇಕು. ಒಂದು ಬಣ್ಣ ಇನ್ನೊಂದಕ್ಕೆ ಹರಿಯದಂತೆ ತಡೆಯುವ ಒಡ್ಡು ಅದು. ಬಿಳಿ ಸೇವಂತಿಗೆಗಳಿಗೆ ಹೀಗೆ ಗೆರೆ ಎಳೆದು ಮುಗಿಸಿ ಹಿಸಾಯೊ ಚಹಾ ಮಾಡಲು ಒಳಗೆ ಹೋದರು. ಕಸೂತಿಯಲ್ಲಿ ಬಟ್ಟೆಯ ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕವಾಗಿರಬೇಕು. ತಿರುವಿ ನೋಡುವುದು ನೀಲಮ್ಮನವರ ಕೈಗೆ ಅಂಟಿದ ರೂಢಿ. ಬಟ್ಟೆಯನ್ನು ಬಿಗಿದಿದ್ದ ಬಿದಿರುಕಡ್ಡಿಯೊಂದನ್ನು ಬಿಚ್ಚಿ ಹಿಂಬದಿ ನೋಡಿದರು. ಅರೆ ಒಣಗಿದ್ದ ಗೆರೆ ಒಂದೆಡೆ ಬಿರುಕುಬಿಟ್ಟಿತು. ಅದು ಅವರಿಗೆ ಕಂಡಿತು. ಕಡ್ಡಿಯನ್ನು ಮತ್ತೆ ಸಿಕ್ಕಿಸಿ ಸುಮ್ಮನೆ ಕುಳಿತರು.

ಬಣ್ಣ ಬಳಿದು, ಹಬೆಗಿಟ್ಟು, ತೊಳೆದ ದಿನ ನೋಡಿದರೆ, ಸುತ್ತಲಿನ ನೇರಳೆ ಬಣ್ಣ ಬಿಳಿ ಎಸಳೊಂದಕ್ಕೆ ಹೆಬ್ಬೆರಳಗಲ ಇಳಿದಿತ್ತು. ಹಿಸಾಯೊ ತಮ್ಮ ಬಲಗೈಯನ್ನು ನೋಡಿಕೊಂಡರು.

“ನಡುಗಿದೆ. ನನಗೆ ಗೊತ್ತೇ ಆಗಲಿಲ್ಲ.”

“ಮೇಲೆ ಚಿನ್ನದ ಎಳೆ ತುಂಬಿದರೆ ಕಾಣೋದಿಲ್ಲ,” ಎಂದರು ನೀಲಮ್ಮ.

ಮೂರು ಗುರುವಾರ ಕೂತು ತುಂಬಿದರು. ಹಿಸಾಯೊ ಹೊಗಳಿದರು. ಹೊಗಳಿ, ಕೋನು ಕುಂಚಗಳನ್ನೆಲ್ಲ ಪೆಟ್ಟಿಗೆಗೆ ಹಾಕಿದ್ದೇನೆ, ಯಾರಿಗಾದರೂ ಕೊಟ್ಟುಬಿಡುತ್ತೇನೆ, ಇನ್ನು ಬಣ್ಣದ ಕೆಲಸ ಸಾಕು ಎಂದರು.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಾಗ ಮಗಳು ಐಶ್ವರ್ಯಾ ನಕ್ಕಳು. “ಅವ್ವಾ, ಇಟ್ಸ್ ಎ ಸ್ಮಜ್. ನೋಬಡಿ ಡೈಡ್.”

“ಮಾತು ಬರೇ ಕಲೆಯದ್ದಲ್ಲ, ಐಶೂ. ಆಕಿ ತನ್ನ ಕೈನ ಹೋತು ಅಂತ ತಿಳಕೊಂಡು ಕೂತಾಳ.”

“ದೆನ್ ಟೆಲ್ ಹರ್! ನಾನು ಕಪ್ ಒಡದು ಮುಚ್ಚಿಟ್ಟಾಗ ಅರ್ಧ ದಿನ ಬೈದಿದ್ದಿ.”

ಮರುದಿನವೇ ನೀಲಮ್ಮ ರೈಲು ಹತ್ತಿದರು. ಬಾಗಿಲಲ್ಲೇ ಹೇಳಿದರು: “ಆ ಗೆರೆ ಒಡೆದದ್ದು ನಾನು. ಹಸಿ ಇದ್ದಾಗ ತಿರುವಿ ನೋಡಿದೆ.”

ಹಿಸಾಯೊ ತಮ್ಮ ಬಲಗೈಯನ್ನು ಮುಂದೆ ಹಿಡಿದರು. “ಮೂರು ವಾರಗಳಿಂದ ಲೋಟ ಎತ್ತುವಾಗಲೂ ಈ ಕೈಯನ್ನೇ ನೋಡುತ್ತಿದ್ದೆ. ಡಾಕ್ಟರ ಹತ್ತಿರವೂ ಹೋಗಿಬಂದೆ. ನೀವು ಎದುರಿಗೇ ಕೂತು ಹೊಲಿಯುತ್ತಿದ್ದಿರಿ.”

ಒಳಗೆ ಕರೆದು, ಬಟ್ಟೆಯನ್ನು ತಂದು ನೀಲಮ್ಮನವರ ಮುಂದಿಟ್ಟರು.

“ಆ ಚಿನ್ನ ಬಿಚ್ಚಿ.”

ನೀಲಮ್ಮ ಮಧ್ಯಾಹ್ನವೆಲ್ಲ ಒಂದೊಂದೇ ಎಳೆ ಬಿಚ್ಚಿದರು. ಆಚೆ ಬದಿಯಲ್ಲಿ ಹಿಸಾಯೊ ಪೆಟ್ಟಿಗೆ ತೆರೆದು, ಅಂಟು ಕಲಸಿ, ಚಿಂದಿಯೊಂದರ ಮೇಲೆ ಗೆರೆ ಎಳೆದರು. ಅದು ಎಲ್ಲೂ ತುಂಡಾಗದೆ ಅಂಚು ಮುಟ್ಟಿತು. ಇನ್ನೊಂದು ಎಳೆದರು. ಮತ್ತೊಂದು.

“ಗುರುವಾರ ಬರಬೇಡಿ,” ಎಂದರು ತಲೆ ಎತ್ತದೆ.

“ಮತ್ತೆ ಯಾವಾಗ ಬರಲಿ?”

“ಹೇಳಿ ಕಳಿಸುತ್ತೇನೆ.”

ಎರಡು ತಿಂಗಳಾಯಿತು. ಹಿಸಾಯೊ ಹೇಳಿ ಕಳಿಸಿಲ್ಲ. ಕೇಳುವ ಹಕ್ಕು ತಮಗಿದೆಯೆಂದು ನೀಲಮ್ಮನವರಿಗೆ ಅನ್ನಿಸಿಯೂ ಇಲ್ಲ.