ಅಂಚಿನಲ್ಲಿ ಮಿಕ್ಕ ಎಳೆ

ಈಗ ಮಕ್ಕಳಿಗೆ ಗಮನ ಕಲಿಸಲಿಕ್ಕೂ ಕ್ಲಾಸ್ ಇದೆ. ನಮ್ಮ ಕಾಲಕ್ಕೆ, ತಮಿಳು ಸೀಮೆಯ ಕರುಮತ್ತಂಪಟ್ಟಿಯ ನಮ್ಮ ಮನೆಯಲ್ಲಿ, ಅಜ್ಜಿ ಇದ್ದಳು, ಅವಳ ಕೈಮಗ್ಗ ಇತ್ತು. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ.

ಎರಡನೇ ಕ್ಲಾಸ್ ಮುಗಿದಿದ್ದರೂ ನನಗೆ ತಮಿಳು ಪುಸ್ತಕದ ಒಂದು ಸಾಲು ನೆಟ್ಟಗೆ ಓದಲು ಬರುತ್ತಿರಲಿಲ್ಲ. ಅಕ್ಷರ ಹಾರಿಸುತ್ತಿದ್ದೆ, ಸಾಲು ಜಾರುತ್ತಿದ್ದೆ, ಉಳಿದದ್ದನ್ನು ಊಹಿಸಿ ಒದರುತ್ತಿದ್ದೆ. ರಜೆ ಕಳೆದ ಮೇಲೂ ಹೀಗೇ ಇದ್ದರೆ ಮತ್ತೆ ಎರಡನೇ ಕ್ಲಾಸಿನಲ್ಲೇ ಕೂರಿಸುತ್ತೇನೆ ಎಂದು ಟೀಚರ್ ಅಪ್ಪನಿಗೆ ಹೇಳಿಬಿಟ್ಟರು. ಅಂದರೆ ತಮ್ಮನ ಪಕ್ಕದಲ್ಲಿ! ನೆನೆದರೇ ಊಟ ಸೇರುತ್ತಿರಲಿಲ್ಲ.

ಹೆಬ್ಬೆಟ್ಟು ಒತ್ತುವ ಅಜ್ಜಿಗೆ ಇದ್ಯಾವುದರ ಚಿಂತೆಯೂ ಇರಲಿಲ್ಲ. "ಬಾ ಪಾಪಾ, ಎಳೆ ಕೊಡು" ಎಂದು ಕೂರಿಸಿಕೊಂಡಳು. ಹೊಸ ಹಾಸಿನ, ಅಂದರೆ ಸೀರೆಯ ಉದ್ದಕ್ಕೆ ಬರುವ ಎಳೆಗಳನ್ನು ಮಗ್ಗದ ಹಿಂದೆ ಕೂತು ನಾನು ಒಂದೊಂದಾಗಿ ಕೊಡಬೇಕು. ಮುಂದೆ ಕೂತ ಅವಳು ಕೊಕ್ಕೆಯಿಂದ ಬಾಚಣಿಗೆಯಂಥ ಹಣಿಗೆಯ ಸಂದಿಯೊಳಗೆ ಎಳೆದುಕೊಳ್ಳುತ್ತಾಳೆ. ಸೀರೆಯ ಅಂಚಿಗೆ ಕೆಂಪು ಎರಡು, ಹಳದಿ ಒಂದು, ಹಸಿರು ಮೂರು, ಮತ್ತೆ ಹಳದಿ ಒಂದು. ಬರೆದಿಟ್ಟುಕೊಳ್ಳುವಂತಿಲ್ಲ, ಬಾಯಲ್ಲಿ ಹೇಳುತ್ತಲೇ ಕೊಡಬೇಕು. ಮೂಗಿಗೆ ನೂಲಿಗೆ ಹಾಕಿದ ಗಂಜಿಯ ಹುಳಿ ವಾಸನೆ, ಮೈಗೆ ಬೆವರು, ಹೊರಗೆ ಕುಂಟಾಬಿಲ್ಲೆ ಆಡುವವರ ಕೇಕೆ. ಎಂಥ ಶಿಕ್ಷೆಯಪ್ಪಾ ಎನಿಸುತ್ತಿತ್ತು.

ಒಂದು ಮಧ್ಯಾಹ್ನ ಕಿವಿ ಆಟದ ಕಡೆಗಿತ್ತು. ಅಂಚು ಮುಗಿದಾಗ ಒಂದು ಹಸಿರು ಎಳೆ ಮಿಕ್ಕಿತು. ಅಜ್ಜಿ ಕೊಕ್ಕೆ ಕೆಳಗಿಟ್ಟಳು.

"ಎಲ್ಲೋ ಬಿಟ್ಟಿದೀಯ. ತೇಡು."

ತೇಡು ಎಂದರೆ ಹುಡುಕು. ನಮ್ಮ ಮನೆಯ ಕನ್ನಡ ಅರ್ಧ ತಮಿಳೇ.

"ನಿಂಗೆ ಗೊತ್ತಲ್ಲಜ್ಜಿ, ನೀನೇ ಹೇಳು!"

"ನಂಗೆ ಗೊತ್ತು. ನಿಂಗೆ ಗೊತ್ತಾಗ್ಬೇಕು. ಎಡಗಡೆಯಿಂದ ಬೆರಳಿಟ್ಟು ಬಾ ನನ್ ಕಣ್ಣೇ, ಎತ್ಬೇಡ."

ಮೂರು ಸಲ ಹೋದೆ, ಸಿಗಲಿಲ್ಲ. ಅತ್ತುಬಿಟ್ಟೆ, ಕಾಲು ಬಡಿದೆ. ಅವಳು ಬೈಯಲಿಲ್ಲ, ತೋರಿಸಲೂ ಇಲ್ಲ. ಎಲೆಅಡಿಕೆ ಜಗಿಯುತ್ತ ಕೂತಿದ್ದಳು. ಆಗ ಅವಳ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ನಾಲ್ಕನೇ ಸಲ ಬೆರಳು ತಾನಾಗಿ ನಿಂತಿತು. ಅಲ್ಲಿ ಹಸಿರು ಎರಡೇ ಇತ್ತು.

"ಹ್ಞಾ, ಸಿಕ್ತಾ? ಈಗ ಅಲ್ಲಿಂದ ಬಿಚ್ಚು" ಎಂದಳು. ಹೊಗಳಿಕೆ ಅಷ್ಟೇ.

ಶಾಲೆ ತೆರೆದ ದಿನ ಟೀಚರ್ ಪುಸ್ತಕ ಕೊಟ್ಟರು. ನಾನು ಎಡಗಡೆ ಬೆರಳಿಟ್ಟೆ, ಎತ್ತಲಿಲ್ಲ. ಪದ ಕೂಡದಿದ್ದಲ್ಲಿ ಊಹಿಸದೆ ಹಿಂದಕ್ಕೆ ಹೋಗಿ, ಬಿಟ್ಟ ಅಕ್ಷರ ಹುಡುಕಿಕೊಂಡು ಬಂದೆ. ಇಡೀ ಪುಟ ಓದಿಬಿಟ್ಟೆ. ಯಾರು ಹೇಳಿಕೊಟ್ಟದ್ದು ಎಂದು ಕೇಳಿದರು. ಅಜ್ಜಿ ಎಂದೆ. ಅವರು ಏನು ಓದಿದ್ದಾರೆ ಎಂದರು. ನಾನು ಹೆಬ್ಬೆಟ್ಟು ಎತ್ತಿ ತೋರಿಸಿದೆ.

ಈಗ ಪೇಟೆಯಲ್ಲಿ, ಗಣಪತಿ ಎಂಬ ಬಡಾವಣೆಯಲ್ಲಿದ್ದೇವೆ. ಮಗಳಿಗೂ ಎರಡನೇ ಕ್ಲಾಸ್, ಅವಳೂ ಸಾಲು ಹಾರಿಸುತ್ತಾಳೆ. ಆ ಗಮನದ ಕ್ಲಾಸಿಗೆ ಸೇರಿಸಿದೆ. ಅವರು ಕೊಟ್ಟದ್ದೇನು? ಬಣ್ಣದ ಮಣಿ, ದಾರ! ಹೇಳಿದ ಕ್ರಮದಲ್ಲಿ ಪೋಣಿಸಬೇಕಂತೆ. ತಪ್ಪಿದರೆ ಮಗುವೇ ಹುಡುಕಲಿ, ದೊಡ್ಡವರು ಬಾಯಿ ಹಾಕಬಾರದಂತೆ. ನನಗೇ ಪಾಠ!

ನಿನ್ನೆ ಸಂಜೆ ಅವಳಿಗೆ ಒಂದು ನೀಲಿ ಮಣಿ ಮಿಕ್ಕಿತು. ಕುಕ್ಕರ್ ಕೂಗುತ್ತಿತ್ತು, ಫೋನ್ ಬಡಿದುಕೊಳ್ಳುತ್ತಿತ್ತು. "ಅಯ್ಯೋ, ಇಲ್ಲಿ ನೋಡೇ!" ಎಂದು ದಾರ ಕಿತ್ತುಕೊಂಡು, ನಾನೇ ಬಿಚ್ಚಿ, ನಾನೇ ಸರಿಯಾಗಿ ಪೋಣಿಸಿ ಅವಳ ಕೈಗಿತ್ತೆ.

"ನಾನೇ ತೇಡ್ತಿದ್ನಲ್ಲಮ್ಮ" ಎಂದಳು.

ಅಜ್ಜಿ ಕಾಲಿಳಿಸಿ ನೇಯುತ್ತಿದ್ದ ಊರಿನ ಮಗ್ಗದ ಗುಂಡಿಗೆ ಸಿಮೆಂಟ್ ಸುರಿದು ಬಹಳ ಕಾಲವಾಯಿತು. ಅದು ಹೋದದ್ದಕ್ಕೆ ನನಗೆ ಅಷ್ಟು ಸಂಕಟವಿಲ್ಲ. ಓದು ಬಾರದ ಆ ಮುದುಕಿ, ಅರ್ಧ ಕೆಲಸ ನಿಲ್ಲಿಸಿ ಒಂದು ಇಡೀ ಮಧ್ಯಾಹ್ನ ನನಗಾಗಿ ಕಾದಿದ್ದಳು. ನನ್ನಿಂದ ಐದು ನಿಮಿಷ ಆಗಲಿಲ್ಲ.