ಸೋಮವಾರ ಏಳದ ಎತ್ತು

ಅಳವಂಡಿ ಸೀಮೆಯ ಎರೆಹೊಲದವರಲ್ಲಿ ಓಬಳೆಪ್ಪನ ಮನೆತನವೆಂದರೆ ಸೋಮವಾರದ ಮನೆತನ ಎಂದೇ ಹೆಸರು. ನಿಜಾಮನ ಆಳ್ವಿಕೆಯ ಕಾಲ. ಜಹಗೀರದಾರನ ಮಗಳ ಮದುವೆ ಸಾಮಾನು ಕೊಪ್ಪಳಕ್ಕೆ ಮುಟ್ಟಿಸಬೇಕು, ಬಂಡಿ ಹೂಡು ಎಂದು ಒಂದು ಸೋಮವಾರ ಬೆಳಿಗ್ಗೆ ಓಬಳೆಪ್ಪನಿಗೆ ಹುಕುಂ ಬಂತು. ಸೋಮವಾರ ಬಸವಣ್ಣನ ವಾರ. ಅಂದು ಎತ್ತಿನ ಹೆಗಲಿಗೆ ನೊಗ ಮುಟ್ಟಿಸುವ ರೂಢಿ ಈ ಸೀಮೆಯಲ್ಲಿಲ್ಲ. ನಾಳೆ ಹೂಡುತ್ತೇನೆ ಎಂದ. ನಾಳೆ ಎಂಬ ಮಾತು ಕೇಳಿ ಜಹಗೀರದಾರನಿಗೆ ರೂಢಿಯಿರಲಿಲ್ಲ. ಮತ್ತೆ ಆಳು ಬಂದಾಗ ಓಬಳೆಪ್ಪ ಕೊಡಲಿ ತೆಗೆದು ತನ್ನ ನೊಗವನ್ನು ತಾನೇ ಎರಡು ತುಂಡು ಮಾಡಿ, ಹೊತ್ತೊಯ್ದು ಜಹಗೀರದಾರನ ವಾಡೆಯ ಅಂಗಳಕ್ಕೆ ಒಗೆದ. ಎತ್ತಿಗೆ ಬೀಳಬೇಕಿದ್ದ ಬಾರಕೋಲು ಅವನ ಬೆನ್ನಿಗೆ ಬಿತ್ತು. ಆ ಬಾಸುಂಡೆ ಸಾಯುವ ತನಕ ಮಾಸಲಿಲ್ಲ. ಅಂದಿನಿಂದ ಅವನು ಅಂಗಿ ತೊಡುವುದನ್ನೇ ಬಿಟ್ಟ, ನೋಡುವವರು ನೋಡಲಿ ಎಂದು.

ಅವನ ಸೊಸೆ ಹುಲಿಗವ್ವ. ರಜಾಕಾರರ ಹಾವಳಿಯಲ್ಲಿ ಊರು ಬಿಟ್ಟು ಮುಂಡರಗಿ ಕಡೆಗೆ ಓಡಬೇಕಾಗಿ ಬಂದದ್ದೂ ಸೋಮವಾರವೇ. ಅವಳು ಎತ್ತಿನ ಕೊರಳ ಗಂಟೆಗೆ ಅರಿವೆ ತುರುಕಿ, ಜೋಳದ ಚೀಲವನ್ನು ತನ್ನ ತಲೆಯ ಮೇಲಿಟ್ಟುಕೊಂಡು, ಜೋಡಿಯನ್ನು ಬರಿ ಹೆಗಲಲ್ಲಿ ನಡೆಸಿಕೊಂಡು ನಿಜಾಮನ ಗಡಿ ದಾಟಿದಳು. ಗಂಡ ಬಂಡಿ ಹೂಡೋಣ ಎಂದದ್ದಕ್ಕೆ, "ನಿನ್ನ ಹೂಡತೀನಿ, ನಡಿ ಮುಂದ" ಅಂದಳಂತೆ.

ಹುಲಿಗವ್ವನ ಮಗ ವಿರುಪಣ್ಣ. ಅವನ ಕಾಲಕ್ಕೆ ಹೊಡೆಯುವ ಜಹಗೀರದಾರನಿಲ್ಲ, ಓಡಿಸುವ ರಜಾಕಾರನಿಲ್ಲ. ಆದರೂ ಒಂದು ಹಿಂಗಾರಿಯಲ್ಲಿ ನೆಲದ ಹಸಿ ಆರುತ್ತಿದೆ ಎಂದು ಊರಿಗೂರೇ ಸೋಮವಾರ ಮರೆತು ಬಿತ್ತನೆಗೆ ಇಳಿದಾಗ, ಅವನು ನೀರಿನ ಬಾನಿಯ ಪಕ್ಕದಲ್ಲಿ ಕೂತು ಎತ್ತಿನ ಮೈ ಉಜ್ಜಿದ. ಆ ವರ್ಷ ಅವನ ಜೋಳ ಸೊಂಟಕ್ಕೂ ಬರಲಿಲ್ಲ. ನಕ್ಕವರ ಮುಂದೆ ಮೀಸೆ ತಿರುವಿಕೊಂಡು ಓಡಾಡಿದ.

ಈ ವಿರುಪಣ್ಣನ ಮಗಳು ಯಮನೂರಮ್ಮ. ಹೊಲ ಹಿಡಿದವನು ಅವಳ ಅಣ್ಣ. ಅವಳು ಹಿಡಿದದ್ದು ಗಂಗಾವತಿ ಬಸ್ ನಿಲ್ದಾಣದ ಎದುರಿಗೊಂದು ಮೊಬೈಲ್ ರಿಪೇರಿ ಅಂಗಡಿ. ಒಡೆದ ಫೋನು ಬಿಚ್ಚಿ ಕೂಡಿಸುತ್ತ, ಅದರೊಳಗಿನ ಆಟಗಳು ಹೇಗೆ ನಡೆಯುತ್ತವೆ ಎಂದು ತಾನೇ ಕಲಿತಳು. ಲಾರಿಗಳ ಬೆನ್ನಿಗೆ ನವಿಲು, ಹುಲಿ ಬರೆಯುತ್ತಿದ್ದ ಹುಸೇನಬಾಷಾ ಅವಳಿಗೆ ಜೊತೆಯಾದ. ಇಬ್ಬರೂ ಕೂಡಿ ಒಂದು ಆಟ ಕಟ್ಟಿದರು. ಹೆಸರು 'ಕೂರಿಗಿ', ನಮ್ಮ ಬಿತ್ತುವ ಕೂರಿಗೆಯೇ. ಫೋನಿನಲ್ಲಿ ಒಂದು ತುಂಡು ಹೊಲ, ಒಂದು ಜೋಡಿ ಎತ್ತು. ಹರಗಬೇಕು, ಬಿತ್ತಬೇಕು, ರಾಶಿ ಮಾಡಬೇಕು. ಎಡಗಡೆಯ ಎತ್ತಿನ ಹೆಸರು ಸಾರಂಗ, ಒಂದು ಕೊಂಬು ಕೆಳಗೆ ಬಾಗಿದ್ದು. ವಿರುಪಣ್ಣನ ಮನೆಯಲ್ಲಿ ಮುಪ್ಪಾಗಿ ತೀರಿಕೊಂಡ ಎತ್ತಿನ ಪಡಿಯಚ್ಚು.

ಆ ಆಟದಲ್ಲಿ ಸೋಮವಾರ ಎತ್ತು ಏಳುವುದಿಲ್ಲ. ಎಷ್ಟು ಒತ್ತಿದರೂ ಸಾರಂಗ ತಲೆ ಕೊಡವಿ ಮೆಲುಕು ಹಾಕುತ್ತ ಕೂತಿರುತ್ತದೆ. ಮೈ ತೊಳೆಯಬಹುದು, ಕೊಂಬಿಗೆ ಎಣ್ಣೆ ಸವರಬಹುದು, ಮೇವು ಹಾಕಬಹುದು. ಅಷ್ಟೇ. ಇಂಥ ಆಟವನ್ನು ಯಾವ ಹುಚ್ಚ ಆಡುತ್ತಾನೆ ಎಂದರು ಬಲ್ಲವರು. ಆಡಿದರು. ಆ ಸೋಮವಾರಕ್ಕಾಗಿಯೇ ಆಡಿದರು. ಬ್ರೆಜಿಲ್ ದೇಶದ ಆಸ್ಪತ್ರೆಯ ನರ್ಸಮ್ಮ ಒಬ್ಬಳು, 'ವಾರಕ್ಕೊಮ್ಮೆ ನಿಮ್ಮ ಎತ್ತಿನ ಪಕ್ಕದಲ್ಲಿ ನಾನೂ ಕೂತು ಉಸಿರು ಬಿಡುತ್ತೇನೆ' ಎಂದು ಬರೆದಳು.

ಗೋವಿಂದರಾಜ ಎಂಬ ಸಾಹುಕಾರನ ನಿಂತುಹೋದ ಅಕ್ಕಿ ಗಿರಣಿಯ ಮಾಳಿಗೆಯಲ್ಲಿ ಅವರ ಸ್ಟುಡಿಯೊ ಶುರುವಾಯಿತು. ಹತ್ತಾರು ಹುಡುಗ ಹುಡುಗಿಯರು ಕೆಲಸಕ್ಕೆ ಸೇರಿದರು. ಅಲ್ಲಿಯೂ ಅದೇ ಪದ್ಧತಿ. ಭಾನುವಾರ ದುಡಿತ, ಸೋಮವಾರ ಕಂಪ್ಯೂಟರ್ ಬಂದ್. ಅಂದು ಎಲ್ಲರೂ ಕೆಳಗೆ ಭತ್ತ ಒಣಗಿಸುವ ಅಂಗಳದಲ್ಲಿ ಚಾಪೆ ಹಾಸಿ ಕೂತು, ವಾರದ ಕೆಲಸದಲ್ಲಿ ಎಲ್ಲಿ ಎಡವಿದೆವು ಎಂದು ಮಾತಾಡುವುದು, ಕಾಗದದ ಮೇಲೆ ಗೀಚುವುದು.

ಆಟ ಕಟ್ಟುವವರು ಬೇರೆ, ಅದನ್ನು ದೇಶದೇಶಕ್ಕೆ ಮುಟ್ಟಿಸಿ ಮಾರುವ ಕಂಪನಿಗಳು ಬೇರೆ. ಅಂಥದೊಂದು ಮುಂಬೈ ಕಂಪನಿ ಬಂದು ಸ್ಟುಡಿಯೊವನ್ನೇ ಕೊಂಡುಕೊಂಡಿತು. ಒಪ್ಪಂದ ಸ್ಪಷ್ಟವಾಗಿತ್ತು: ಯಮನೂರಮ್ಮನೇ ಸ್ಟುಡಿಯೊದ ಮುಖ್ಯಸ್ಥೆ, ಆಟದೊಳಗೆ ಏನಿರಬೇಕು ಎಂಬುದರಲ್ಲಿ ಅವಳದೇ ಕೊನೆಯ ಮಾತು, ಸರಿಯಾದ ಕಾರಣವಿಲ್ಲದೆ ಅವಳನ್ನು ತೆಗೆಯುವಂತಿಲ್ಲ. ಕಂಪನಿಯ ದೊಡ್ಡ ಸಾಹೇಬ ಬೇಕೆಂದೇ ಒಂದು ಸೋಮವಾರ ಬಂದು, ಅಂಗಳದ ಚಾಪೆಯ ಮೇಲೆ ಕೂತು ಮಂಡಕ್ಕಿ ಮಿರ್ಚಿ ತಿಂದು, 'ಎಂಥ ಚೆಂದದ ಪದ್ಧತಿ' ಎಂದು ಹೊಗಳಿ ಫೋಟೊ ಹೊಡೆಸಿಕೊಂಡು ಹೋದ. ಯಮನೂರಮ್ಮ ಎಂಬ ಹೆಸರು ಮಾತ್ರ ಅವನ ನಾಲಿಗೆಗೆ ಭಾರವಾಯಿತು. 'ಯಾಮಿ' ಎಂದು ಕತ್ತರಿಸಿದ. ಕತ್ತರಿ ಅಲ್ಲಿಂದಲೇ ಆಡತೊಡಗಿತ್ತು, ಅವಳಿಗೆ ಆಗ ತಿಳಿಯಲಿಲ್ಲ.

ಎರಡನೆಯ ಸಲ ಬಂದಾಗ ಅವನು ಚಾಪೆಯ ಮೇಲೆ ಕೂರಲಿಲ್ಲ.

"ಸೋಮವಾರ ಜನ ಆಟ ತೆರೆಯುತ್ತಾರೆ, ಸುಮ್ಮನೆ ಮುಚ್ಚುತ್ತಾರೆ," ಎಂದ ಹಿಂದಿಯಲ್ಲಿ. "ಒಂದು ದಿನ ಪೂರ್ತಿ ಹಾಳು. ಒಂದು ಬಾರಕೋಲು ಇಡೋಣ. ಬೇಕಾದವರು ದುಡ್ಡು ಕೊಟ್ಟು ಕೊಳ್ಳಲಿ. ಬೀಸಿದರೆ ಎತ್ತು ಏಳುತ್ತದೆ."

ಹುಸೇನಬಾಷಾ ಕೈಯಲ್ಲಿದ್ದ ಚಹಾ ಕೆಳಗಿಟ್ಟ. "ಯಕ್ಕಾ, ಈತ ಖರೇನ ಹೇಳಾಕತ್ತಾನೋ, ಚ್ಯಾಷ್ಟಿ ಮಾಡಾಕತ್ತಾನೋ?"

"ಖರೇನ ಹೇಳಾಕತ್ತಾನ. ಮಾರಿ ನೋಡು, ನಕ್ಕಿಲ್ಲ."

ಆಮೇಲೆ ಸಾಹೇಬನಿಗೆ ತಿಳಿಯುವ ಹಿಂದಿಯಲ್ಲಿ ಹೇಳಿದಳು: "ಬಾರಕೋಲು ಬರುವುದಿಲ್ಲ."

"ಮೇಡಂ, ಅದು ಬರೀ ಚಿತ್ರ. ನಿಜವಾದ ಎತ್ತಲ್ಲ."

"ಬರೀ ಚಿತ್ರವಾದರೆ, ಅದಕ್ಕೆ ಹೊಡೆಯಲು ಜನರ ಹತ್ತಿರ ದುಡ್ಡು ಯಾಕೆ ಕೇಳುತ್ತೀರಿ?"

ಸಾಹೇಬ ಕಾರು ಹತ್ತಿದ. ಉತ್ತರ ಬಂದದ್ದು ಮುಂದಿನ ಮಂಗಳವಾರ. ಗಿರಣಿಯ ಬಾಗಿಲಿಗೆ ಹೊಸ ಬೀಗ, ಬೀಗದ ಮುಂದೆ ಗುರುತಿಲ್ಲದ ಕಾವಲುಗಾರ. ಯಮನೂರಮ್ಮನನ್ನು ಕೆಲಸದಿಂದ ತೆಗೆದಿದ್ದಾರೆ, ಹುಸೇನಬಾಷಾನನ್ನೂ. ಕಾರಣ? ಪ್ರತಿ ಸೋಮವಾರ ಸ್ಟುಡಿಯೊ ಮುಚ್ಚಿ ಕರ್ತವ್ಯ ಬಿಟ್ಟು ಹೋಗಿದ್ದಾರೆ.

ನೀನು ನಮಗೆ ಬೇಡ ಎಂದಿದ್ದರೆ ಅವಳ ಹೊಟ್ಟೆ ಅಷ್ಟು ಉರಿಯುತ್ತಿರಲಿಲ್ಲ. ಕೆಲಸಗಳ್ಳಿ ಎಂದರು. ಯಾವ ಸೋಮವಾರವನ್ನು ಸಾಹೇಬ ಹೊಗಳಿ ಮಿರ್ಚಿ ತಿಂದು ಹೋಗಿದ್ದನೋ ಅದೇ ಸೋಮವಾರವನ್ನು ಅವಳ ಕುತ್ತಿಗೆಗೆ ಕಟ್ಟಿದ. ಬೀಗದ ಮುಂದೆ ನಿಂತು ಅವಳು ಆಡಿದ ಬೈಗುಳ ಗಿರಣಿಯ ಓಣಿಗೆಲ್ಲ ಕೇಳಿಸಿತು. ಕಾವಲುಗಾರ ಪಾಪ, "ನಾನು ನಿನ್ನೆ ಸೇರೀನ್ರಿ ಅಮ್ಮಾ" ಎಂದು ಕೈಮುಗಿದ.

ದಾವೆ ಹೂಡಿದಳು. ವಕೀಲೆ ಕುಷ್ಟಗಿಯ ದಾನೇಶ್ವರಿ; ವಯಸ್ಸು ಚಿಕ್ಕದು, ಬಾಯಿ ದೊಡ್ಡದು, ಗಂಗಾವತಿಯಲ್ಲೇ ಕಚೇರಿ. ತಕರಾರು ಬಂದರೆ ನಿವೃತ್ತ ನ್ಯಾಯಾಧೀಶರೊಬ್ಬರು ತೀರ್ಮಾನ ಮಾಡಬೇಕೆಂದು ಒಪ್ಪಂದದಲ್ಲೇ ಇತ್ತು. ವಿಚಾರಣೆ ಪರದೆಯ ಮೇಲೆ. ಅತ್ತ ಮುಂಬೈಯ ತಣ್ಣನೆಯ ಕೋಣೆಯಲ್ಲಿ ಸಾಲಾಗಿ ಕೂತ ಕರಿಕೋಟುಗಳು, ಇತ್ತ ಗಂಗಾವತಿಯ ಸೆಕೆಯಲ್ಲಿ ಒಂದೇ ಮೇಜಿಗೆ ಇವರಿಬ್ಬರು. ಯಮನೂರಮ್ಮ ಕೇಳಿದ್ದು ಎರಡೇ: ನನ್ನ ಜಾಗ ನನಗೆ ಕೊಡಿ, ಸೋಮವಾರ ಎತ್ತನ್ನು ಎಬ್ಬಿಸಬೇಡಿ.

ವಿಚಾರಣೆಯ ದಿನವೂ ಸೋಮವಾರವೇ ಬಿತ್ತು. ಕಂಪನಿಯ ವಕೀಲ ತುಟಿಯಂಚಲ್ಲಿ ನಗುತ್ತ ಕೇಳಿದ, "ಸೋಮವಾರ ಕೆಲಸ ಮಾಡದವರು ಇವತ್ತು ಹೇಗೆ ಬಂದಿರಿ?"

"ಸೋಮವಾರ ಸೂಟಿ ಎತ್ತಿಗೆ, ಎತ್ತಿನವರಿಗಲ್ಲ," ಎಂದಳು ಯಮನೂರಮ್ಮ. "ಅವತ್ತು ನೊಗ ಸರಿಮಾಡುವುದು, ಮಿಣಿ ಹಗ್ಗ ಹೊಸೆಯುವುದು, ಎತ್ತಿನ ಮೈ ತೊಳೆಯುವುದು. ನಮ್ಮ ಯಂತ್ರಗಳು ನಿಂತಿದ್ದವು, ನಾವು ನಿಂತಿರಲಿಲ್ಲ."

ಅಲ್ಲಿಗೆ ಬಾಯಿ ಮುಚ್ಚಿದ್ದರೆ ಚೆನ್ನಾಗಿತ್ತು. ಆ ವಕೀಲನ ನಗು ಇನ್ನೂ ಆರಿರಲಿಲ್ಲ. ಮೇಜಿನ ಕೆಳಗೆ ದಾನೇಶ್ವರಿ ಅವಳ ಕಾಲು ತುಳಿದಳು. ತುಳಿದದ್ದು ವ್ಯರ್ಥ. "ನೀವು ನೊಗ ಹೊತ್ತವರಲ್ಲ, ಹೊರಿಸಿದವರ ಮನೆಯ ಕೂಳು ತಿನ್ನುವವರು. ನಿಮಗೇನು ಗೊತ್ತು ಹೆಗಲು ಅಂದರೆ?" ಎಂದುಬಿಟ್ಟಳು. ನ್ಯಾಯಾಧೀಶರು ಕನ್ನಡಕ ತೆಗೆದು, ಇನ್ನೊಂದು ಸಲ ಹೀಗೆ ಮಾತಾಡಿದರೆ ನಿಮ್ಮ ಹೇಳಿಕೆಯನ್ನೇ ಕೇಳುವುದಿಲ್ಲ ಎಂದು ಎಚ್ಚರಿಸಿದರು.

ಪರದೆ ಆರಿದ ಮೇಲೆ ದಾನೇಶ್ವರಿ ಕೇಳಿದಳು, "ಯಕ್ಕಾ, ನಾ ಕಾಲ ತುಳದಿದ್ದು ಯಾಕಂತ ತಿಳಕೊಂಡಿ?"

"ಜಾಗಾ ಸಾಲವಲ್ದೇನೋ ಅಂದ್ಕೊಂಡೆ."

"ನಿನ್ನ ಬಾಯಿಗಿ ಒಂದು ಮಿಣಿ ಹೊಸಿಬೇಕು ಮೊದಲ!"

ಬೈದರೂ ಕೆಲಸ ಮಾಡಿದಳು ಹುಡುಗಿ. ಕೊನೆಯ ತೀರ್ಪು ಬರುವ ತನಕ ಆಟದೊಳಗೆ ಬಾರಕೋಲು ಇಟ್ಟು ಮಾರಕೂಡದು ಎಂಬ ಆದೇಶ ತಂದಳು. ಯಮನೂರಮ್ಮ ಅಂದು ಹುಸೇನಬಾಷಾನ ಕೈಯಿಂದ ಪೇಢೆ ತರಿಸಿ ಓಣಿಗೆಲ್ಲ ಹಂಚಿದಳು. ಆ ಕಾವಲುಗಾರನಿಗೂ ಒಂದು.

ಆಮೇಲಿನ ಒಂದು ಸೋಮವಾರ ಅವಳು ಅಳವಂಡಿ ಕಡೆಯ ತವರಿಗೆ ಹೋಗಿದ್ದಳು. ವಿರುಪಣ್ಣ ಮುಂಜಾನೆ ತನ್ನ ಎತ್ತುಗಳ ಮೈ ತೊಳೆದು, ಬಾನಿಯ ಕಟ್ಟೆಯ ಮೇಲೆ ಕೂತು, ಮೂಗಿನ ತುದಿಗೆ ಕನ್ನಡಕ ಏರಿಸಿ ಫೋನು ತೆಗೆದ. ಅದು ಅವನ ನೇಮ. ಮೊದಲು ಮನೆಯ ಎತ್ತು, ಆಮೇಲೆ ಫೋನಿನ ಸಾರಂಗ.

"ಯವ್ವಾ ಯಮನೂರಿ, ಇಲ್ಲಿ ಬಾ. ಸಾರಂಗ ಎದ್ದಾನಲ್ಲ."

"ಏಳಂಗಿಲ್ಲ ಬಿಡು ಯಪ್ಪಾ. ಇವತ್ತ ಸೋಮವಾರ."

"ಅದನ್ನ ನಾನೂ ಕೇಳಾಕತ್ತೀನಿ. ಇವತ್ತ ಸೋಮವಾರ ಹೌದೋ ಅಲ್ಲೋ?"

ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಪರದೆಯಲ್ಲಿ ಸಾರಂಗ ಎದ್ದು ನಿಂತಿತ್ತು. ಬಾಗಿದ ಕೊಂಬು, ಹೆಗಲ ಮೇಲೆ ನೊಗ. ಮೂಲೆಯಲ್ಲಿ ಒಂದು ಕೆಂಪು ಬಾರಕೋಲು ಮಿನುಗುತ್ತಿತ್ತು; ಕೆಳಗೆ, ಈ ವಾರ ಎಲ್ಲರಿಗೂ ಪುಕ್ಕಟೆ ಎಂದು ಬರೆದಿತ್ತು.

"ಕೆಂಪಗ ಏನೋ ಮಿಂಚತಿತ್ತು. ಹೊಸಾ ಹೂವಿನ ಮಾಲಿ ಇರಬೇಕು, ಕೊರಳಿಗಿ ಹಾಕೂಣು ಅಂತ ಮುಟ್ಟಿದೆ. ಛಟ್ ಅಂತು," ಎಂದ ವಿರುಪಣ್ಣ. ಮಗಳ ಮುಖ ನೋಡಿದ ಮೇಲೆ ಅವನಿಗೆ ಮಾತು ನಿಧಾನವಾಗಿ ಹತ್ತಿತು. "ಏನದು? ಬಾರಕೋಲಾ? ನನ್ನ ಕೈಲೆ ಹೊಡಿಸಿದ್ರಾ?"

ಮುದುಕ ಫೋನನ್ನು ಕಟ್ಟೆಯ ಮೇಲೆ ಬೋರಲು ಹಾಕಿದ. ಬಾನಿಯ ನೀರಿನಲ್ಲಿ ಕೈ ಅದ್ದಿ ತೊಳೆದ. ಮಣ್ಣು ಹಚ್ಚಿ ಮತ್ತೆ ತೊಳೆದ. ಓಬಳೆಪ್ಪನ ಮೊಮ್ಮಗ, ಹೊಲ ಒಣಗಿದರೂ ಸೋಮವಾರ ಮೀರದವನು, ಜೀವನದಲ್ಲಿ ಮೊದಲ ಸಲ ಸೋಮವಾರ ಎತ್ತಿಗೆ ಹೊಡೆದಿದ್ದ. ಅದೂ ಹೂವಿನ ಮಾಲೆ ಹಾಕಲು ಹೋಗಿ. ಆ ದಿನ ಅವನು ರೊಟ್ಟಿ ಮುಟ್ಟಲಿಲ್ಲ.

ಆದೇಶ ಮುರಿದಿದ್ದಾರೆ ಎಂದು ದಾನೇಶ್ವರಿ ಅರ್ಜಿ ಹಾಕಿದಳು. ಕಂಪನಿಯವರು ಹೇಳಿದರು: ಇದು ಮಾರಾಟವಲ್ಲ, ಬರೀ ಪರೀಕ್ಷೆ, ಪರೀಕ್ಷೆ ಮಾಡಬಾರದು ಎಂದು ಆದೇಶದಲ್ಲಿ ಎಲ್ಲಿದೆ? ಈ ಮಾತನ್ನು ಕೇಳಿ ತೀರ್ಮಾನಿಸಲು ಮುಂದಿನ ದಿನಾಂಕ ಬೇಕಾಯಿತು. ದಿನಾಂಕ ದೂರ ಬಿತ್ತು. ಅಷ್ಟು ದಿನವೂ ಸೋಮವಾರ ಬಂದಾಗಲೆಲ್ಲ ಜಗತ್ತಿನ ಯಾವ್ಯಾವುದೋ ಮೂಲೆಯಲ್ಲಿ ಛಟ್ ಎನ್ನುತ್ತಿತ್ತು, ಸಾರಂಗ ಏಳುತ್ತಿತ್ತು. ಬ್ರೆಜಿಲಿನ ನರ್ಸಮ್ಮ ಮತ್ತೆ ಬರೆದಳು: 'ನಿಮ್ಮ ಎತ್ತಿಗೆ ಏನಾಯಿತು?' ಯಮನೂರಮ್ಮ ಮತ್ತೆ ರಿಪೇರಿ ಅಂಗಡಿಯ ಮೇಜಿಗೆ ಬಂದಿದ್ದಳು. ಗಿರಾಕಿ ಯಾರಾದರೂ ಆ ಆಟ ಇರುವ ಫೋನು ತಂದರೆ ಅದನ್ನು ಹುಸೇನಬಾಷಾನ ಕಡೆಗೆ ತಳ್ಳುತ್ತಿದ್ದಳು. ಸಿಟ್ಟಿಗೆ.

ಒಂದು ಮಧ್ಯಾಹ್ನ ಗೋವಿಂದರಾಜ ಅಂಗಡಿಗೆ ಬಂದ. ಮನುಷ್ಯ ಒಳ್ಳೆಯವನು. ಮಾಳಿಗೆ ಬಿಟ್ಟುಕೊಟ್ಟ ಕಾಲದಿಂದಲೂ ಇವಳನ್ನು ತಂಗಿಯಂತೆ ಕಂಡವನು. ಸ್ಟೂಲು ಎಳೆದು ಕೂತು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

"ತಂಗೀ, ನಿನ್ನ ಕಷ್ಟ ನೋಡಾಕ ಆಗವಲ್ದು. ಬೆಂಗಳೂರಿನ ಇನ್ನೊಂದು ಗೇಮ್ ಕಂಪನಿ ಐತಿ, ಈ ಮುಂಬೈದವರ ಪಕ್ಕಾ ವೈರಿಗಳು. ಅವರ ಕಡೆ ಮಾತಾಡಿ ಬಂದೀನಿ. ದಿಲ್ಲಿಯಿಂದ ಭಾರೀ ವಕೀಲನ್ನ ತರಸ್ತಾರಂತ. ಪೂರ್ತಿ ಖರ್ಚು ಅವರದ. ಮುಂದಿನ ವಾರದಾಗ ಬಾರಕೋಲು ನಿಲ್ಲಸ್ತೀವಿ ಅಂದಾರ."

ಹುಸೇನಬಾಷಾನ ಮುಖ ಅರಳಿತು. ಯಮನೂರಮ್ಮ ಸ್ಕ್ರೂಡ್ರೈವರ್ ಕೆಳಗಿಟ್ಟಳು.

"ಬದಲಿಗಿ ಏನು ಬೇಕಂತ?"

"ಏನಿಲ್ಲ. ನಿನ್ನ ಮುಂದಿನ ಆಟ ಅವರಿಗಿ ಕೊಡಬೇಕು. ಕೇಸ್ ಗೆದ್ದರ ಇದನ್ನೂ ಅವರ ನಡಸ್ತಾರ."

"ಅವರು ನಡಸಿದ್ರ ಸೋಮವಾರ ಎತ್ತು ಕೂತಿರತೈತೇನು?"

ಗೋವಿಂದರಾಜ ಟವೆಲು ಮಡಿಸಿದ, ಬಿಚ್ಚಿದ. "ಅದನ್ನ ಆಮ್ಯಾಲ ಕೂತು ಮಾತಾಡೂಣು ಅಂದ್ರು."

ಯಮನೂರಮ್ಮ ಎದ್ದು ನಿಂತಳು. ದನಿ ಏರಲಿಲ್ಲ. ಏರದ ಆ ದನಿಯನ್ನು ಕೇಳಿ ಹುಸೇನಬಾಷಾ ಬಾಗಿಲ ಕಡೆ ಸರಿದ.

"ಅಣ್ಣಾ, ನಿಮ್ಮ ಮನಸ್ಸು ಛಲೋ ಐತಿ, ಅದಕ್ಕ ಚಾ ಕುಡಿಸಿ ಕಳಸ್ತೀನಿ. ಬ್ಯಾರೆ ಯಾರರೆ ಈ ಮಾತು ತಂದಿದ್ರ ಅಂಗಡಿ ಮೆಟ್ಟಲಾ ಇಳಿಯೂದು ಕಷ್ಟ ಆಗತಿತ್ತು. ನಮ್ಮ ಮುತ್ಯಾ ಓಬಳೆಪ್ಪನ ಬೆನ್ನಿಗಿ ಬಾಸುಂಡಿ ಬಿದ್ದಾಗ, ಹಚ್ಚಾಕ ಎಣ್ಣಿ ಕೊಡ್ರಿ ಅಂತ ಆತ ಇನ್ನೊಬ್ಬ ಜಹಗೀರದಾರನ ಮನಿಗಿ ಹೋಗಲಿಲ್ಲ. ಆ ಬೆನ್ನು ಹೊತ್ಕೊಂಡ ತಿರಗ್ಯಾಡಿದ. ನಾನೂ ತಿರಗ್ಯಾಡ್ತೀನಿ. ನನ್ನ ಕಡೆ ದಾನೇಶ್ವರಿ ಅದಾಳ, ಸಾಕು. ಗೆದ್ದರ ನಮ್ಮ ಎತ್ತು ನಮ್ಮ ಕೈಲೆ ಕೂಡ್ರತೈತಿ, ಸೋತರ ಸೋತೆ ಅಂತ ನಮ್ಮಪ್ಪಗ ನಾನ ಹೋಗಿ ಹೇಳ್ತೀನಿ. ಅವರ ದಿಲ್ಲಿ ವಕೀಲ ನನಗ ಬ್ಯಾಡ. ಹೋಗಿ ಹಂಗ ಹೇಳ್ರಿ. ಚಾ ಆರತೈತಿ, ಕುಡೀರಿ."